ಬೈಗುಳದ ಹಬ್ಬಕ್ಕೂ ಮರ್ಯಾದೆ ಇದೆ

ಕನ್ನಡದ ಯುವಕ ಯುವತಿಯರೇ,

ಬ್ರೆಜಿಲ್ ದೇಶದ ರಿಯೋ ಕಾರ್ನಿವಲ್ಲನ್ನು ಟಿ.ವಿ.ಯಲ್ಲಿ ಬಾಯಿ ಬಿಟ್ಟು ನೋಡುತ್ತೀರಿ. ನಮ್ಮ ಸಿದ್ದಾಪುರದ ಬೀದಿಗೆ ಬರುವ ಕುಂಡೆ ಹಬ್ಬದ ತಂಡ ನೋಡಿದ್ದೀರಾ? ಮೇ ತಿಂಗಳಲ್ಲಿ ಜೇನುಕುರುಬ, ಯರವ ಗಂಡಸರು ಹೆಣ್ಣುಡುಗೆ ತೊಟ್ಟು, ಸೋರೆಬುರುಡೆ, ಡಬ್ಬ ಬಡಿಯುತ್ತಾ, ಎದುರಾದವರನ್ನೆಲ್ಲ ಬೈದು ಕಾಸು ಕೇಳುತ್ತಾರೆ. ಕೊನೆಗೆ ದೇವರಪುರದ ಗುಡಿಯಲ್ಲಿ ಕುಣಿದು, ಕಾಣಿಕೆ ಹಾಕಿ, ದೇವರಲ್ಲಿ ತಪ್ಪಾಯಿತೆನ್ನುತ್ತಾರೆ. ಕಾಡಿಗೆ ಕರೆತಂದ ಅಯ್ಯಪ್ಪ, ಭದ್ರಕಾಳಿಯ ಹಿಂದೆ ಹೋಗಿ ತಮ್ಮನ್ನು ಕೈಬಿಟ್ಟನೆಂಬ ಸಿಟ್ಟು ಅವರದು.

ವರ್ಷವಿಡೀ ಕಾಫಿ ತೋಟದಲ್ಲಿ ತಲೆತಗ್ಗಿಸಿ ದುಡಿಯುವವರು ಅಂದು ಧಣಿಯನ್ನೂ ಬೈಯುತ್ತಾರೆ. ಧಣಿ ನಕ್ಕು ಕಾಸು ಕೊಡುತ್ತಾನೆ. ಮರುದಿನ?

ಅಚ್ಚುಕೂಟ ನಡೆಸುವವನಾಗಿ ಹೇಳುತ್ತೇನೆ: ಈ ಜನರ ನುಡಿಗೆ ಸ್ವಂತ ಲಿಪಿಯಿಲ್ಲ. ಕನ್ನಡಕ್ಕೆ ಮರ್ಯಾದೆ ಕೇಳುವ ನಾವು ಆ ನುಡಿಗಳಿಗೂ ಕೊಡಬೇಕು. ಬೈಗುಳ ಕೇಳಿ ನಕ್ಕರೆ ಸಾಲದು. ಅವರು ಕೂಲಿಯ ಮಾತೆತ್ತಿದಾಗಲೂ ಕಿವಿಗೊಡಿ!