ಬೆಕ್ಕಿನ ಮರಿಗೆ ಚಿಗಟ, ಜಂತುಹುಳು: ಔಷಧಕ್ಕೆ ಮೊದಲು ತಕ್ಕಡಿ

ನಾನು ಮಲೆನಾಡಿನ ಒಂದು ಸಣ್ಣ ಊರಿನಲ್ಲಿ ಪಶುವೈದ್ಯೆ. ದಿನದ ಹೆಚ್ಚಿನ ಹೊತ್ತು ಹಸು, ಎಮ್ಮೆ, ಕರುಗಳ ಜೊತೆಯಲ್ಲೇ ಕಳೆಯುತ್ತೆ. ನಡುನಡುವೆ ರಟ್ಟಿನ ಡಬ್ಬಿಗಳೂ ಬರ್ತವೆ. ಒಳಗೆ ಹಳೇ ಸೀರೆ ತುಂಡು, ಅದರ ಮೇಲೆ ಬೆಕ್ಕಿನ ಮರಿಗಳು. ಇವತ್ತು ಅಂಥ ಒಂದು ಡಬ್ಬಿಯ ಕಥೆಯಿಂದಲೇ ಶುರು ಮಾಡ್ತೀನಿ.

ಹೋದ ಮಳೆಗಾಲದಲ್ಲಿ ಒಬ್ಬ ತಾಯಿ, ಆರನೇ ಕ್ಲಾಸಿನ ಮಗನ ಜೊತೆ ಓಡಿ ಬಂದರು. ಡಬ್ಬಿಯಲ್ಲಿ ಮೂರು ಮರಿ, ಐದು ವಾರದವು. ಸೌದೆ ಕೊಟ್ಟಿಗೆಯಲ್ಲಿ ಹುಟ್ಟಿದ್ದವು, ಮೈತುಂಬ ಚಿಗಟ. ಹುಡುಗನಿಗೆ ನೋಡೋಕಾಗಿಲ್ಲ. ಮನೆಯ ನಾಯಿಗೆ ಉಣ್ಣೆ ಆಗಿದ್ದಾಗ ತಂದ ಔಷಧ ಇತ್ತು, ಕುತ್ತಿಗೆಯ ಹಿಂದೆ ಹನಿ ಹಾಕೋದು. ಎರಡು ಮರಿಗೆ ಎರಡೆರಡು ಹನಿ ಹಾಕಿದ. ಮೂರನೆಯದರ ಹೊತ್ತಿಗೆ ಔಷಧ ಮುಗಿದಿತ್ತು. ಸಂಜೆ ಹೊತ್ತಿಗೆ ಆ ಎರಡು ಮರಿಗಳಿಗೆ ನಡುಕ, ಆಮೇಲೆ ಫಿಟ್ಸ್.

‘ನಾಯಿಗೆ ಹಾಕಿದಾಗ ಏನೂ ಆಗಿರಲಿಲ್ಲ ಡಾಕ್ಟ್ರೇ’ ಅಂದರು ಆ ತಾಯಿ. ನಿಜ, ನಾಯಿಗೆ ಏನೂ ಆಗಲ್ಲ. ಆ ಔಷಧದಲ್ಲಿದ್ದದ್ದು ಪರ್ಮೆಥ್ರಿನ್. ನಾಯಿಯ ದೇಹ ಅದನ್ನು ಒಡೆದು ಹೊರಹಾಕುತ್ತೆ. ಬೆಕ್ಕಿನ ಯಕೃತ್ತಿಗೆ ಆ ಶಕ್ತಿ ತೀರಾ ಕಡಿಮೆ. ಹಾಗಾಗಿ ಅದು ಒಳಗೇ ಉಳಿದು ನರಗಳನ್ನು ಹಿಡಿಯುತ್ತೆ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯೋ ಸೋಪಿನ ನೀರು ಹಾಕಿ ಮೈ ತೊಳೆದೆವು. ಫಿಟ್ಸ್ ನಿಲ್ಲೋಕೆ ಔಷಧ ಕೊಟ್ಟೆ, ಬೆಚ್ಚಗೆ ಇಟ್ಟೆವು. ಒಂದು ಉಳಿಯಿತು, ಇನ್ನೊಂದು ರಾತ್ರಿ ಹೋಯಿತು.

ಹುಡುಗ ಕೇಳಿದ, ‘ನಾನೇ ಸಾಯಿಸಿದ್ನಾ?’ ನೀನು ಕಾಪಾಡೋಕೆ ಹೋಗಿದ್ದೆ ಪುಟ್ಟಾ, ಯಾರೂ ನಿನಗೆ ಹೇಳಿಕೊಟ್ಟಿರಲಿಲ್ಲ ಅಂದೆ. ಅವನಿಗೆ ಹೇಳಿಕೊಡಬೇಕಿದ್ದದ್ದನ್ನೇ ಇವತ್ತು ನಿಮಗೆ ಹೇಳ್ತಿದ್ದೀನಿ.

ಮೊದಲು ಆ ಮೂರನೇ ಮರಿಯ ವಿಷಯ. ಅದಕ್ಕೆ ಔಷಧ ತಾಕಿರಲಿಲ್ಲ, ಆದರೂ ಅದು ಎದ್ದು ನಿಲ್ಲುತ್ತಿರಲಿಲ್ಲ. ತುಟಿ ಎತ್ತಿ ನೋಡಿದೆ. ವಸಡು ಗುಲಾಬಿ ಬಣ್ಣ ಇರಬೇಕಿತ್ತು, ಸುಣ್ಣದ ಹಾಗೆ ಬೆಳ್ಳಗಿತ್ತು. ಚಿಗಟಗಳು ರಕ್ತ ಹೀರಿ ಹಾಕಿದ್ದವು. ತೂಕ ನೋಡಿದರೆ 380 ಗ್ರಾಂ. ಇಷ್ಟು ಸಣ್ಣ ದೇಹದಲ್ಲಿ ಇರೋ ರಕ್ತವೇ ಕೆಲವು ಚಮಚ. ನಾವು ‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಅಂತೀವಿ. ಇಲ್ಲಿ ಪ್ರಾಣಸಂಕಟ ಬೆಕ್ಕಿನ ಮರಿಯದ್ದೇ. ಅಂದರೆ ತಪ್ಪು ಔಷಧ ಹಾಕೋದು ಎಷ್ಟು ಅಪಾಯವೋ, ‘ಬಿಡಿ, ಬೀದಿ ಬೆಕ್ಕಿಗೆ ಚಿಗಟ ಇರೋದೇ’ ಅಂತ ಸುಮ್ಮನಿರೋದೂ ಅಷ್ಟೇ ಅಪಾಯ.

ಹಾಗಾದರೆ ಏನು ಮಾಡಬೇಕು? ಚಿಗಟ ಇದೆಯೋ ಇಲ್ಲವೋ ಮೊದಲು ಖಚಿತ ಮಾಡ್ಕೊಳ್ಳಿ. ಹೇನು ತೆಗೆಯೋ ಸೀರಣಿಗೆಯಿಂದ ಬಾಚಿ, ಉದುರಿದ ಕರಿ ಪುಡಿಯನ್ನು ಒದ್ದೆ ಹತ್ತಿಯ ಮೇಲೆ ಹಾಕಿ. ಕೆಂಪಾಗಿ ಹರಡಿದರೆ ಅದು ಮಣ್ಣಲ್ಲ, ಚಿಗಟದ ಹಿಕ್ಕೆ. ಮರಿಯ ರಕ್ತವೇ ಜೀರ್ಣವಾಗಿ ಬಂದದ್ದು.

ತೀರಾ ಎಳೆಯ ಮರಿಗೆ ಆ ಸೀರಣಿಗೆಯೇ ಒಳ್ಳೇ ಔಷಧ. ದಿನಾ ಬಾಚಿ, ಸಿಕ್ಕ ಚಿಗಟವನ್ನು ಸೋಪಿನ ನೀರಿಗೆ ಹಾಕಿ. ತುಂಬಾ ಇದ್ದರೆ, ಮರಿ ಚುರುಕಾಗಿದ್ದರೆ ಮಾತ್ರ ಉಗುರುಬೆಚ್ಚಗಿನ ನೀರಲ್ಲಿ ಬೇಗ ತೊಳೆಯಿರಿ. ಮೊದಲು ಕುತ್ತಿಗೆ ಸುತ್ತ ಸೋಪು ಹಚ್ಚಿ, ಇಲ್ಲದಿದ್ದರೆ ಚಿಗಟಗಳೆಲ್ಲ ಮುಖಕ್ಕೆ ಓಡ್ತವೆ. ತಕ್ಷಣ ಒರೆಸಿ ಬೆಚ್ಚಗಿಡಿ, ಎಳೆ ಮರಿಗೆ ಚಳಿ ತಡೆಯೋ ಶಕ್ತಿ ಇಲ್ಲ. ವಸಡು ಬಿಳುಚಿದ್ದರೆ ಮನೆಯಲ್ಲಿ ಪ್ರಯೋಗ ಬೇಡ, ಅವತ್ತೇ ವೈದ್ಯರ ಹತ್ತಿರ ಬನ್ನಿ. ಸೀಮೆಎಣ್ಣೆ, ಕರ್ಪೂರ, ನುಸಿಗುಳಿಗೆ ಇವ್ಯಾವುದನ್ನೂ ಹಚ್ಚಬೇಡಿ. ಬೆಕ್ಕು ಮೈ ನೆಕ್ಕೋ ಪ್ರಾಣಿ. ಮೈಗೆ ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತೆ.

ಬೆಕ್ಕಿಗಾಗಿಯೇ ಇರೋ ಹನಿ ಔಷಧಗಳಲ್ಲೂ ಹೆಚ್ಚಿನವು ಎಂಟು ವಾರ ದಾಟಿದ ಮೇಲೆ ಹಾಕುವಂಥವು. ಚೀಟಿಯಲ್ಲಿ ವಯಸ್ಸು, ತೂಕ ಎರಡೂ ಬರೆದಿರುತ್ತೆ, ಓದಿ. ‘ದೊಡ್ಡ ಬೆಕ್ಕಿನದನ್ನೇ ಅರ್ಧ ಹಾಕೋಣ’ ಅನ್ನೋ ಲೆಕ್ಕ ಬೇಡ.

ಇನ್ನೊಂದು ಮಾತು. ಹೆಣ್ಣು ಚಿಗಟ ದಿನಕ್ಕೆ 40–50 ಮೊಟ್ಟೆ ಇಡಬಲ್ಲದು. ಮರಿಯ ಮೈಮೇಲೆ ನಿಮಗೆ ಕಾಣೋ ಚಿಗಟ ಒಟ್ಟು ಸಂಖ್ಯೆಯ ಸುಮಾರು ಶೇಕಡ 5 ಅಷ್ಟೇ. ಉಳಿದದ್ದು ಮೊಟ್ಟೆ, ಹುಳ, ಕೋಶದ ರೂಪದಲ್ಲಿ ಹಾಸಿಗೆ, ಗೋಣಿಚೀಲ, ನೆಲದ ಸಂದಿಯಲ್ಲಿರುತ್ತೆ. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತೆ ಅಂತ ನಮ್ಮ ಅಜ್ಜಿಯರು ಹೇಳ್ತಿದ್ರಲ್ಲ, ಗಲೀಜಾದ ಜಾಗ ಬಿಡೋದೂ ಅದಕ್ಕೊಂದು ಕಾರಣ ಇರಬಹುದು. ನೀವು ಹಾಸಿದ ಬಟ್ಟೆಯನ್ನು ವಾರಕ್ಕೆರಡು ಸಲ ಕುದಿಯೋ ನೀರಿಗೆ ಹಾಕಿ ಒಗೆಯಿರಿ, ನೆಲ ಗುಡಿಸಿ ಒರೆಸಿ. ತಾಯಿ ಬೆಕ್ಕಿಗೂ ಚಿಕಿತ್ಸೆ ಕೊಡಿಸಿ, ಹಾಲೂಡಿಸೋ ಬೆಕ್ಕಿಗೆ ಯಾವುದು ಸರಿ ಅಂತ ವೈದ್ಯರನ್ನು ಕೇಳಿಯೇ ಹಾಕಿ.

ಇನ್ನು ಹೊಟ್ಟೆಯೊಳಗಿನ ಹುಳ. ಮೈ ಸಣ್ಣಗೆ, ಹೊಟ್ಟೆ ಮಾತ್ರ ಮಡಕೆ ಹಾಗೆ ಇದ್ದರೆ ‘ಚೆನ್ನಾಗಿ ಹಾಲು ಕುಡಿದಿದೆ’ ಅಂತ ಖುಷಿಪಡ್ತೀವಿ. ಎಷ್ಟೋ ಸಲ ಅದು ದುಂಡುಹುಳದ ಲಕ್ಷಣ. ಈ ಹುಳದ ಮರಿಗಳು ತಾಯಿಯ ಹಾಲಿನಲ್ಲೇ ಬರ್ತವೆ. ಹಾಗಾಗಿ ಮನೆಯಿಂದ ಆಚೆ ಕಾಲಿಡದ ಮರಿಗೂ ಹುಳ ಇರಬಹುದು. ಕೊಕ್ಕೆಹುಳ ಕರುಳಿಗೆ ಕಚ್ಚಿಕೊಂಡು ರಕ್ತ ಕುಡಿಯುತ್ತೆ. ಬಾಲದ ಬುಡದಲ್ಲಿ ಅಕ್ಕಿಕಾಳಿನಂಥದ್ದು ಕಂಡರೆ ಅದು ಲಾಡಿಹುಳದ ತುಣುಕು. ಅದು ಬರೋದು ಹೆಚ್ಚಾಗಿ ಚಿಗಟದಿಂದಲೇ. ಮೈ ನೆಕ್ಕುವಾಗ ಮರಿ ಚಿಗಟ ನುಂಗುತ್ತೆ, ಅದರೊಳಗಿದ್ದ ಹುಳ ಹೊಟ್ಟೆ ಸೇರುತ್ತೆ. ಚಿಗಟ ಬಿಟ್ಟು ಹುಳಕ್ಕೆ ಮಾತ್ರ ಔಷಧ ಕೊಟ್ಟರೆ ಮತ್ತೆ ಅದೇ ಕಥೆ.

ಜಂತುಹುಳದ ಔಷಧವನ್ನು ಮೂರನೇ ವಾರದಿಂದ ಶುರು ಮಾಡಿ, ಹಾಲು ಬಿಡಿಸೋವರೆಗೆ ಎರಡು ವಾರಕ್ಕೊಮ್ಮೆ, ಆಮೇಲೆ ಆರು ತಿಂಗಳಾಗೋವರೆಗೆ ತಿಂಗಳಿಗೊಮ್ಮೆ ಕೊಡ್ತೀವಿ. ಒಂದೇ ಸಲಕ್ಕೆ ಮುಗಿಯಲ್ಲ, ಯಾಕಂದರೆ ದೇಹದಲ್ಲಿ ಅಲೆಯುತ್ತಿರೋ ಎಳೆ ಹುಳಗಳಿಗೆ ಆ ಔಷಧ ಸರಿಯಾಗಿ ತಾಕಲ್ಲ. ತಾಯಿಗೂ ಮರಿಗಳ ಜೊತೆಗೇ ಕೊಡಿಸಿ. ಪೈರಾಂಟೆಲ್, ಫೆನ್‌ಬೆಂಡಜೋಲ್ ಎಳೆ ಮರಿಗಳಿಗೆ ಸಾಮಾನ್ಯವಾಗಿ ಬಳಸೋ ಔಷಧಗಳು. ಆದರೆ ಪ್ರಮಾಣ ತೂಕದ ಮೇಲೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು, ಮರಿಯನ್ನು ಬಟ್ಟಲಲ್ಲಿ ಕೂರಿಸಿ ನೋಡಿ. ಆರೋಗ್ಯವಾದ ಮರಿ ವಾರಕ್ಕೆ ಹೆಚ್ಚುಕಡಿಮೆ ನೂರು ಗ್ರಾಂ ಏರುತ್ತೆ.

ಮನೆಯಲ್ಲಿ ಮಕ್ಕಳಿದ್ದರೆ ಗಮನಿಸಿ. ದುಂಡುಹುಳದ ಮೊಟ್ಟೆ ಮನುಷ್ಯರ ಹೊಟ್ಟೆಗೂ ಹೋಗಬಹುದು. ಮಲದಲ್ಲಿ ಬಂದ ಕೂಡಲೇ ಅದು ಸೋಂಕು ಹರಡಲ್ಲ, ಬಲಿಯೋಕೆ ಕೆಲವು ವಾರ ಬೇಕು. ಹಾಗಾಗಿ ದಿನಾ ಮಲ ತೆಗೆದು, ಸೋಪು ಹಾಕಿ ಕೈ ತೊಳೆದರೆ ಮರಿಯನ್ನು ಮುದ್ದಾಡೋಕೆ ಹೆದರಬೇಕಿಲ್ಲ.

ಆ ಹುಡುಗನ ಮನೆಯಲ್ಲಿ ಈಗ ಎರಡು ಬೆಕ್ಕಿವೆ. ಬಿಳುಚಿಕೊಂಡಿದ್ದ ಮೂರನೇ ಮರಿ ಅವುಗಳಲ್ಲೊಂದು. ಗಣಿತದ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಅವನು ದಿನಾ ತೂಕ ಬರೆದು ತಂದು ತೋರಿಸ್ತಿದ್ದ. ಒಂದು ದಿನ ಪಕ್ಕದ ಮನೆಯವರನ್ನೂ ಕರ್ಕೊಂಡು ಬಂದ. ಅವರ ಕೈಯಲ್ಲೂ ಒಂದು ಡಬ್ಬಿ. ‘ಏನೂ ಹಾಕಿಲ್ಲ ಡಾಕ್ಟ್ರೇ, ತೂಕ ಮಾತ್ರ ನೋಡಿದೀವಿ’ ಅಂದ.

ನಿಮ್ಮ ಮನೆಯಲ್ಲೂ ಮರಿಗಳಿದ್ದರೆ ಇವತ್ತೇ ತುಟಿ ಎತ್ತಿ ವಸಡಿನ ಬಣ್ಣ ನೋಡಿ.