ಸಂತೆಯಲ್ಲಿ ಫೋಟೋ ಅಂಗಡಿ: ಇಡೋಣವೋ, ಬಿಡೋಣವೋ?

ಇವತ್ತು ಸಂತೆಯ ಮಾತು ಆಡೋಣ. ಸಂತೆಯಲ್ಲಿ, ಜಾತ್ರೆಯಲ್ಲಿ ಫೋಟೋ ತೆಗೆದು ಮಾರುವವರು ನಮ್ಮಲ್ಲಿ ಇದ್ದಾರೆ. ಅವರ ಮನೆಯಲ್ಲಿ ಈಗ ಒಂದೇ ಮಾತು. "ಈ ಕಸುಬು ಇನ್ನು ನಡೀತದಾ? ಸಾಲ ಮಾಡಿ ಪ್ರಿಂಟರ್ ತರೋಣವಾ? ಇಲ್ಲಾ, ಬಿಟ್ಟು ಕೂಲಿಗೆ ಹೋಗೋಣವಾ?" ಇದು ಹೊಟ್ಟೆಪಾಡಿನ ಪ್ರಶ್ನೆ. ಸಮಾಧಾನವಾಗಿ ಯೋಚಿಸಬೇಕು.

ಮೊದಲು ಹೇಗಿತ್ತು? ನಿಮಗೆಲ್ಲ ನೆನಪಿದೆ. ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದರೆ ಫೋಟೋ ತೆಗೆಸದೆ ಬರುತ್ತಿರಲಿಲ್ಲ. ಹಿಂದೆ ಬಣ್ಣದ ಪರದೆ. ಮುಂದೆ ರಟ್ಟಿನ ವಿಮಾನ, ಮೋಟಾರ್ ಸೈಕಲ್. ಕ್ಯಾಮೆರಾ ಇದ್ದವರು ಊರಿಗೆ ಒಬ್ಬರೋ ಇಬ್ಬರೋ. ಒಂದು ರೋಲಿಗೆ 36 ಫೋಟೋ. ತೊಳೆಸಿ ತರಲು ಪೇಟೆಗೇ ಹೋಗಬೇಕು.

ಆಮೇಲೆ ಕಾಲ ಬದಲಾಯಿತು. ಫಿಲ್ಮಿಗೆ ಹೆಸರಾದ ಅಮೆರಿಕದ ಕೊಡಕ್ ಕಂಪನಿಯೇ 2012ರಲ್ಲಿ ದಿವಾಳಿ ಅರ್ಜಿ ಹಾಕಿತು. 2016ರ ನಂತರ ನಮ್ಮಲ್ಲಿ ಇಂಟರ್‌ನೆಟ್ ಅಗ್ಗವಾಯಿತು. ಕ್ಯಾಮೆರಾ ಇರುವ ಫೋನು ಮನೆಮನೆಗೆ ಬಂತು. ಆಧಾರ್ ಮಾಡಿಸಲು ಹೋದರೆ ಕೇಂದ್ರದಲ್ಲೇ ಫೋಟೋ ತೆಗೆಯುತ್ತಾರೆ. ಕಾಗದದ ಫೋಟೋ ಕೊಡಬೇಕಿಲ್ಲ.

ಅಂದ ಮೇಲೆ ಫೋಟೋ ತೆಗೆಯುವುದಕ್ಕೆ ಜನ ಈಗ ಹೆಚ್ಚು ಕಾಸು ಕೊಡುವುದಿಲ್ಲ. ಹಾಗಾದರೆ ಯಾವುದಕ್ಕೆ ಕೊಡುತ್ತಾರೆ? ಫೋನಿನಲ್ಲಿರುವುದು ಗೋಡೆಗೆ ಬರಬೇಕು ಅಂದರೆ ಕೊಡುತ್ತಾರೆ. ತೀರಿಹೋದ ಅಜ್ಜಿಯ ಹಳೇ ಫೋಟೋ ದೊಡ್ಡದು ಮಾಡಿಸಬೇಕು. ಮಗಳ ಮದುವೆಯ ಫೋಟೋಕ್ಕೆ ಕಟ್ಟು ಹಾಕಿಸಬೇಕು. ಮಗನ ಅರ್ಜಿಗೆ ಪಾಸ್‌ಪೋರ್ಟ್ ಅಳತೆಯದು ಬೇಕು. ಇಂಥ ಗಿರಾಕಿ ಇನ್ನೂ ಇದ್ದಾರೆ. ನಿಮ್ಮ ಸಂತೆಗೆ ಅವರು ಎಷ್ಟು ಜನ ಬರುತ್ತಾರೆ? ಇದನ್ನೇ ತಿಳಿಯಬೇಕು.

ತಿಳಿಯುವುದು ಹೇಗೆ? ಒಂದು ನೋಟ್‌ಬುಕ್ ಇಡಿ. ನಿಮಗೆ ಈಗ ಅಕ್ಷರ ಬರುತ್ತದೆ, ಲೆಕ್ಕ ಬರುತ್ತದೆ. ಪ್ರತಿ ಸಂತೆಯ ರಾತ್ರಿ ಬರೆಯಿರಿ. ಬಂದದ್ದು ಎಷ್ಟು? ಹೋದದ್ದು ಎಷ್ಟು?

ಒಂದು ಮಾದರಿ ಲೆಕ್ಕ ಮಾಡೋಣ. ಕಟ್ಟು ಹಾಕಿದ ದೊಡ್ಡ ಫೋಟೋ 2 ಮಾರಿದಿರಿ. ಒಂದಕ್ಕೆ 300 ರೂಪಾಯಿ. ಸಣ್ಣ ಫೋಟೋ 20 ಮಾರಿದಿರಿ. ಒಂದಕ್ಕೆ 20 ರೂಪಾಯಿ. ಒಟ್ಟು ಬಂದದ್ದು 1,000 ರೂಪಾಯಿ.

ಈಗ ಖರ್ಚು. ಕಾಗದ, ಇಂಕು 180. ಕಟ್ಟು, ಗಾಜು 220. ಬಸ್ಸು, ಸಾಮಾನು ಸಾಗಣೆ 100. ಸಂತೆ ಸುಂಕ 30. ಊಟ, ಚಹಾ 70. ಒಟ್ಟು 600 ರೂಪಾಯಿ. ಉಳಿದದ್ದು 400.

"ಪರವಾಗಿಲ್ಲ, 400 ಉಳೀತು" ಅನ್ನಬೇಡಿ. ಪ್ರಿಂಟರ್ ಸವೆಯುತ್ತದೆ. ಅದಕ್ಕೆ 18,000 ಕೊಟ್ಟಿದ್ದೀರಿ, 3 ವರ್ಷ ಬಾಳುತ್ತದೆ, ವರ್ಷಕ್ಕೆ 50 ಸಂತೆ ಅಂತ ಹಿಡಿಯಿರಿ. ಒಂದು ಸಂತೆಗೆ 120 ರೂಪಾಯಿ ಸವೆತ. ಈಗ ಉಳಿದದ್ದು 280. ಗಂಡ ಹೆಂಡತಿ ಇಬ್ಬರೂ ದಿನವಿಡೀ ಕೂತಿದ್ದೀರಿ. ಒಬ್ಬರಿಗೆ ಬಿದ್ದದ್ದು 140 ರೂಪಾಯಿ. ನಿಮ್ಮ ಊರಿನ ಕೂಲಿ ಎಷ್ಟು? ಅದರ ಪಕ್ಕಕ್ಕೆ ಇದನ್ನು ಇಟ್ಟು ನೋಡಿ. ಹೆಂಗಸರ ದುಡಿಮೆಗೂ ಬೆಲೆ ಇದೆ. ಅದನ್ನು ಲೆಕ್ಕದಿಂದ ಬಿಡಬೇಡಿ.

ಇನ್ನೊಂದು ಮಾತು. ಕೆಲವರು ಸಂತೆಯಲ್ಲಿ ನೋಡಿ ಹೋಗುತ್ತಾರೆ. ಮುಂದಿನ ವಾರ ಹಳೇ ಫೋಟೋ ತರುತ್ತಾರೆ. ಅದು ಸಂತೆಯಿಂದಲೇ ಬಂದ ಕೆಲಸ. ಅದಕ್ಕೆ ಬೇರೆ ಪುಟ ಇಡಿ. ಮುಂಗಡ ತೆಗೆದುಕೊಳ್ಳಿ, ಚೀಟಿ ಬರೆದು ಕೊಡಿ. ಗಿರಾಕಿ ಫೋನಿನಿಂದ ಫೋಟೋ ಕಳಿಸಿದರೆ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಬರೀ ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿ ಬರುತ್ತದೆ. ದೊಡ್ಡದು ಮಾಡಿದಾಗ ಮಸುಕಾಗುತ್ತದೆ. ಕಾಗದ ದಂಡ, ಹೆಸರೂ ಕೆಡುತ್ತದೆ.

ಹೀಗೆ 8 ಸಂತೆ ಬರೆಯಿರಿ. ಒಂದು ಸಂತೆ ನೋಡಿ ತೀರ್ಮಾನ ಬೇಡ. ಮಳೆಯ ಸಂತೆ ಬೇರೆ, ಹಬ್ಬದ ಮುಂಚಿನ ಸಂತೆ ಬೇರೆ. ಎಂಟರ ಉಳಿಕೆ ಕೂಡಿಸಿ, ಎಂಟರಿಂದ ಭಾಗಿಸಿ. ಕೂಲಿಗಿಂತ ಹೆಚ್ಚು ಬಂದರೆ ಮುಂದುವರಿಸಿ. ಕಡಿಮೆ ಬಂದರೆ ವಾರದ ಸಂತೆ ಬಿಡಿ. ಜಾತ್ರೆಗೆ ಮಾತ್ರ ಹೋಗಿ, ಉಳಿದ ದಿನ ಮನೆಯಲ್ಲೇ ಆರ್ಡರ್ ಕೆಲಸ ಮಾಡಿ. ಸಂತೆ ಬಿಟ್ಟರೆ ಮಾನ ಹೋಗುವುದಿಲ್ಲ. ನಷ್ಟದಲ್ಲಿ ಕೂತರೆ ಮನೆ ಮುರಿಯುತ್ತದೆ.

ಕಡೆಗೆ ಸಾಲದ ಮಾತು. ಪಟ್ಟಣದ ಬೀದಿ ವ್ಯಾಪಾರಿಗಳಿಗಾಗಿ 2020ರಲ್ಲಿ ಪಿ.ಎಂ. ಸ್ವನಿಧಿ ಯೋಜನೆ ಬಂತು. ಒತ್ತೆ ಇಲ್ಲದ ಸಾಲ. ಮೊದಲ ಸಾಲ 10,000 ರೂಪಾಯಿ ಇತ್ತು. 2025ರಲ್ಲಿ ಅದನ್ನು 15,000ಕ್ಕೆ ಏರಿಸಿದರು. ಕೈಸಾಲದ ಬಡ್ಡಿಗಿಂತ ಇದು ಮೇಲು. ಆದರೂ ಸಾಲವೇ. ಸಾಲ ಸಿಗುತ್ತದೆ ಅಂತ ವ್ಯಾಪಾರಕ್ಕೆ ಇಳಿಯಬೇಡಿ. ಎಂಟು ಸಂತೆಯ ಲೆಕ್ಕ ಕೈಯಲ್ಲಿ ಹಿಡಿದು ಆಮೇಲೆ ಬ್ಯಾಂಕಿಗೆ ಹೋಗಿ.

ಫೋಟೋ ಅಂಗಡಿಗೆ ಹೇಳಿದ್ದು ಬಳೆ ಅಂಗಡಿಗೂ ಸರಿ, ಮಿರ್ಚಿ ಅಂಗಡಿಗೂ ಸರಿ. ಈ ವಾರದ ಸಂತೆಯಿಂದಲೇ ಶುರು ಮಾಡಿ. ಮೊದಲ ಪುಟದಲ್ಲಿ ತಾರೀಖು ಬರೆಯಿರಿ.