ತುಸು ಸರಿದು ಕೂಡುವುದು

ಕೊಂಕಲ್ಲಿನ ನಮ್ಮ ಮನೆಯಲ್ಲಿ ಉಣ್ಣುವ ಹೊತ್ತಿಗೆ ಅತಿಥಿ ಬಂದರೆ ಪಂಕ್ತಿಯವರೆಲ್ಲ ತುಸು ಸರಿದು ಕೂಡುತ್ತಿದ್ದರು. ಕ್ರೈಸ್ತಸಭೆ ಹೊಸಬರನ್ನು ಬರಮಾಡಿಕೊಳ್ಳುವ ಬಗೆಯನ್ನು ನೆನೆದಾಗ ಆ ನೋಟವೇ ನನ್ನ ಕಣ್ಣಿಗೆ ಕಟ್ಟುತ್ತದೆ.

ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದಿತು. 1844ರಲ್ಲಿ ಆನಂದರಾವ್ ಕೌಂಡಿನ್ಯರು ದೀಕ್ಷಾಸ್ನಾನ ಪಡೆದರು. ಆ ಕಾಲದಲ್ಲಿ ಸಭೆ ಸೇರಿದವರು ಬಂಧುಬಳಗವನ್ನೂ ಎಷ್ಟೋ ವೇಳೆ ಕುಲಕಸುಬನ್ನೂ ಕಳೆದುಕೊಳ್ಳುತ್ತಿದ್ದರು. ಅಂಥವರ ಜೀವನೋಪಾಯಕ್ಕೆಂದು ಮಿಶನ್ ನೇಯ್ಗೆಯನ್ನು ಆರಂಭಿಸಿತು. 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು.

ಹೀಗೆ ಕಷ್ಟದಲ್ಲಿ ಬೆಸೆದ ಬಳಗವೇ ಕೆಲವು ತಲೆಮಾರುಗಳ ಮೇಲೆ ಹೊಸಬನನ್ನು ‘ಯಾವ ಮನೆತನದವರು?’ ಎಂದು ಕೇಳುವುದುಂಟು. ಆ ಪ್ರಶ್ನೆಗೆ ತಲೆತಗ್ಗಿಸಿದ ತರುಣನೊಬ್ಬನನ್ನು ನಾನು ಕಂಡಿದ್ದೇನೆ. ಪಕ್ಕದ ವೃದ್ಧೆಯೊಬ್ಬರು ಮಾತಿಲ್ಲದೆ ಸರಿದು ಕುಳಿತು, ತಮ್ಮ ಕೀರ್ತನೆಯ ಪುಸ್ತಕವನ್ನು ಅವನ ಮುಂದೆ ಬಿಡಿಸಿ ಹಿಡಿದರು. ಅವನು ಮೆಲ್ಲನೆ ದನಿಗೂಡಿಸಿದ.